ಮೂರನೇ ಪೆಟ್ಟಿಗೆಯ ಮೊಟ್ಟೆ

2013ರಲ್ಲಿ ನಾನು ಅಬುಧಾಬಿಯ ಮುಸಫ್ಫಾ ಕೈಗಾರಿಕಾ ಪ್ರದೇಶದಲ್ಲಿ, ಮ್ಯೂಸಿಯಂ ವಸ್ತುಗಳನ್ನು ಸಾಗಿಸುವ ಒಂದು ಕಂಪನಿಯಲ್ಲಿ ರಿಜಿಸ್ಟ್ರಾರ್ ಆಗಿದ್ದೆ. ಈ ಹೆಸರು ಕೇಳಿದ ಊರವರು ಜಾಗ ರಿಜಿಸ್ಟ್ರಿ ಮಾಡುವ ಅಧಿಕಾರಿ ಎಂದುಕೊಂಡು, "ಹಾಗಾದ್ರೆ ಮೇಲಿನ ವರಮಾನ ಜೋರುಂಟು" ಎಂದು ಕಣ್ಣು ಮಿಟುಕಿಸುತ್ತಿದ್ದರು. ಹಾಗೇನಿಲ್ಲ ಮಾರಾಯ್ರೇ. ಒಂದು ವಸ್ತು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಪ್ರದರ್ಶನಕ್ಕೆ ಹೊರಟರೆ, ಹೊರಡುವಾಗ ಅದು ಹೇಗಿತ್ತು, ತಲುಪಿದಾಗ ಹೇಗಿದೆ ಎಂದು ಬರೆದಿಡುವುದು ನನ್ನ ಕೆಲಸ. ಈ ಬರಹಕ್ಕೆ ಕಂಡಿಷನ್ ರಿಪೋರ್ಟ್ ಎನ್ನುತ್ತಾರೆ. ಗೀರು ಎಲ್ಲಿದೆ, ಎಷ್ಟು ಮಿಲಿಮೀಟರ್, ಬಣ್ಣ ಎಲ್ಲಿ ಹೋಗಿದೆ, ಎಲ್ಲ ಅದರಲ್ಲಿರಬೇಕು. ಕೊನೆಯಲ್ಲೊಂದು ಕಾಲಂ ಇರುತ್ತದೆ: ಹಾನಿಯಾಗಿದ್ದರೆ ಕಾರಣವೇನು? ನನ್ನ ಹದಿನೈದು ವರ್ಷಗಳ ನೌಕರಿಯಲ್ಲಿ ಆ ಕಾಲಂ ಮುಕ್ಕಾಲು ಪಾಲು ಖಾಲಿಯೇ ಉಳಿದಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆಗ ನನಗೆ ಐವತ್ತೆರಡು. ಮದುವೆಯಾಗಿರಲಿಲ್ಲ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಶುಕ್ರವಾರ ರಜೆ. ಆ ದಿನ ಪೂರ್ತಿ ನಾನು ಬಾಯಿ ತೆರೆಯುತ್ತಿದ್ದದ್ದು ಹಲ್ಲುಜ್ಜಲು ಮತ್ತು ಉಣ್ಣಲು ಮಾತ್ರ. ಶನಿವಾರ ಬೆಳಿಗ್ಗೆ ಕಂಪನಿಯ ಡ್ರೈವರ್ ಹಮೀದಾಕ "ಎಂತ ಮೇಡಂ, ಆರಾಮಾ?" ಎಂದಾಗ ಗಂಟಲು ಸರಿಮಾಡಿಕೊಂಡು ಉತ್ತರಿಸಬೇಕಾಗುತ್ತಿತ್ತು. ಹಮೀದಾಕ ವಿಟ್ಲದ ಕಡೆಯ ಬ್ಯಾರಿ, ನನ್ನ ಊರು ಪುತ್ತೂರು. ಅಬುಧಾಬಿಯಲ್ಲಿ ನನ್ನ ಜೊತೆ ನನ್ನ ಭಾಷೆ ಆಡುತ್ತಿದ್ದ ಜೀವ ಅವರೊಬ್ಬರೇ.

ಆ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯ ಒಂದು ಸಭಾಂಗಣದಲ್ಲಿ ಯುಕ್ರೇನಿನ ಒಂದು ಪ್ರಾಂತ್ಯದ ಕುರಿತ ಪ್ರದರ್ಶನ ಏರ್ಪಾಡಾಗಿತ್ತು. ದ್ನಿಸ್ತರ್ ಎಂಬ ನದಿಯ ದಂಡೆಯ ಸೀಮೆ ಅದು. ಅಲ್ಲಿನ ಕಲ್ಲಿನ ಕೋಟೆ, ಮರದ ಇಗರ್ಜಿ, ಬಂಡೆ ಕೊರೆದು ಮಾಡಿದ ಸನ್ಯಾಸಿಗಳ ಗವಿ, ಇವುಗಳ ದೊಡ್ಡ ಫೋಟೋಗಳು ಮೊದಲೇ ಬಂದಿದ್ದವು. ಆ ಸೀಮೆಯಲ್ಲಿ ಸಣ್ಣ ಸಣ್ಣ ಪಟ್ಟಣಕ್ಕೂ ಒಂದು ಊರ ಚರಿತ್ರೆಯ ಮ್ಯೂಸಿಯಂ ಇರುತ್ತದಂತೆ. ಅಂಥ ಒಂದು ಮ್ಯೂಸಿಯಂನಿಂದ ಕಸೂತಿ ಬಟ್ಟೆ, ಮಣ್ಣಿನ ಪಾತ್ರೆ, ನೇಗಿಲ ಗುಳ, ಹೀಗೆ ಅರವತ್ತನಾಲ್ಕು ವಸ್ತುಗಳು ಐದು ಪೆಟ್ಟಿಗೆಗಳಲ್ಲಿ ವಿಮಾನದಲ್ಲಿ ಬಂದವು. ಜೊತೆಗೆ ಕೊರಿಯರ್ ಆಗಿ ಹಾಲಿನಾ ಪೆಟ್ರಿವ್ನಾ ಬಂದರು. ಕೊರಿಯರ್ ಎಂದರೆ ವಸ್ತುಗಳೊಂದಿಗೆ ಬಂದು, ಅವುಗಳ ಜಾಗದಲ್ಲಿ ಅವು ಕೂರುವವರೆಗೆ ಕಣ್ಣು ಬಿಟ್ಟು ಕಾಯುವವರು.

ಆಕೆ ಆ ಮ್ಯೂಸಿಯಂನ ಕೀಪರ್. ನನಗಿಂತ ನಾಲ್ಕು ವರ್ಷ ದೊಡ್ಡವರು, ಗಟ್ಟಿಮುಟ್ಟಾದ ಹೆಂಗಸು. ಅವರ ಪದ್ಧತಿಯಲ್ಲಿ ಪ್ರತಿಯೊಂದು ವಸ್ತುವಿಗೂ ಕೀಪರ್ ತನ್ನ ಹೆಸರಿನಲ್ಲಿ ಸಹಿ ಹಾಕಿರುತ್ತಾಳೆ; ಏನಾದರೂ ಆದರೆ ಉತ್ತರ ಹೇಳಬೇಕಾದವಳು ಅವಳೇ. ಉಗ್ರಾಣದ ಕೀಲಿಕೈ ಗೊಂಚಲನ್ನು ಇಲ್ಲಿಗೂ ತಂದಿದ್ದರು. "ಇಲ್ಲಿ ಯಾವ ಬಾಗಿಲು ತೆರೀಲಿಕ್ಕೆ?" ಎಂದು ತಮಾಷೆ ಮಾಡಿದೆ. "ಅಲ್ಲಿ ಬಿಟ್ಟುಬಂದರೆ ಯಾರಾದರೂ ತೆರೆಯುತ್ತಾರಲ್ಲ" ಎಂದರು, ನಗದೆ.

ಅವರ ಕಡೆ ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿ ಕರೆದರೆ ಮರ್ಯಾದೆ. ನನ್ನ ತಂದೆಯ ಹೆಸರು ಕೇಳಿದರು. ಸಂಜೀವ ಎಂದೆ. ಅಂದಿನಿಂದ ನಾನು "ಸುನಂದಾ ಸಂಜೀವಿವ್ನಾ" ಆದೆ. ಮೊದಲ ಸಲ ನಗು ಬಂತು. ಆಮೇಲೆ ಯೋಚಿಸಿದರೆ, ಅಪ್ಪನ ಹೆಸರನ್ನು ಆ ದೇಶದಲ್ಲಿ ಬಾಯಿಬಿಟ್ಟು ಹೇಳಿದವರು ಬೇರೆ ಯಾರೂ ಇರಲಿಲ್ಲ. ವೀಸಾ ಆಫೀಸಿನವರು ಕೂಡ ಪಾಸ್‌ಪೋರ್ಟಿನಲ್ಲಿ ಓದಿಕೊಂಡು ಸುಮ್ಮನಾಗುತ್ತಿದ್ದರು.

ಸೆಪ್ಟೆಂಬರ್ 9, ಸೋಮವಾರ. ಏರ್‌ಪೋರ್ಟ್ ಕಾರ್ಗೋದಲ್ಲಿ ಕಾಗದಪತ್ರ ಮುಗಿಯುವಾಗ ತಡವಾಯಿತು. ನಮ್ಮ ಟ್ರಕ್ ಸಭಾಂಗಣದ ಹಿಂಬದಿ ತಲುಪಿದಾಗ ಹನ್ನೆರಡು ಇಪ್ಪತ್ತು. ಬೇಸಿಗೆಯಲ್ಲಿ ಅಲ್ಲೊಂದು ಕಾನೂನಿದೆ: ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ. ಬಹಳ ಒಳ್ಳೆಯ ಕಾನೂನು. ಇಳಿಸುವ ಜಾಗಕ್ಕೆ ಛಾವಣಿ ಇರಲಿಲ್ಲ, ಕೂಲಿಯವರು ನೆರಳಿಗೆ ಹೋಗಿಯಾಗಿತ್ತು. ಟ್ರಕ್ಕನ್ನು ಮುಸಫ್ಫಾದ ನಮ್ಮ ಗೋದಾಮಿಗೆ ವಾಪಸ್ ಒಯ್ಯಬಹುದಿತ್ತು, ಇಲ್ಲವೇ ಟ್ರಕ್ಕಿನ ಒಳಗನ್ನು ತಂಪಾಗಿಡುವ ಚಿಲ್ಲರ್ ಚಾಲೂ ಇಟ್ಟುಕೊಂಡು ಅಲ್ಲೇ ಕಾಯಬಹುದಿತ್ತು. ಕಾಯುವುದೆಂದು ನಾನೇ ತೀರ್ಮಾನಿಸಿದೆ.

ಹಾಲಿನಾ ಉಣ್ಣೆಯ ಕೋಟು ಕೈಯಲ್ಲಿ ಹಿಡಿದು ಟ್ರಕ್ಕಿನ ಪಕ್ಕ ನಿಂತಿದ್ದರು. ಮುಖ ಕೆಂಪಗೆ ಬೆಂದಿತ್ತು. ಒಳಗೆ ಹೋಗಿ ತಣ್ಣಗೆ ಕೂತುಕೊಳ್ಳಿ ಎಂದೆ. ಕೊರಿಯರ್ ಪೆಟ್ಟಿಗೆ ಬಿಟ್ಟು ಹೋಗಬಾರದು ಎಂದರು.

"ನಾನಿದ್ದೇನಲ್ಲ."

"ನೀವು ಇವುಗಳ ಜೊತೆಯೇ ಇರುತ್ತೀರಾ?"

"ಇರುತ್ತೇನೆ."

ಅವರು ಹೋದರು. ಹತ್ತು ನಿಮಿಷದಲ್ಲಿ ನನ್ನ ಫೋನ್ ರಿಂಗಾಯಿತು. ಅಂದು ಚೌತಿ. ಪುತ್ತೂರಿನ ಅಣ್ಣನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಗೇಟಿನ ಪಕ್ಕದ ಸೆಕ್ಯುರಿಟಿ ಕೋಣೆಯ ಎ.ಸಿ. ಕೆಳಗೆ ನಿಂತು ಮಾತಿಗಿಳಿದೆ. ಅಣ್ಣನಿಂದ ಅತ್ತಿಗೆಗೆ, ಅತ್ತಿಗೆಯಿಂದ ದೊಡ್ಡಮ್ಮನಿಗೆ, ಅಲ್ಲಿಂದ ಹೆಸರೇ ಗೊತ್ತಿಲ್ಲದ ಹೊಸ ಸೊಸೆಗೆ, ಫೋನ್ ಕೈಯಿಂದ ಕೈಗೆ ಹೋಯಿತು. ಯಾರೋ ಪಂಚಕಜ್ಜಾಯ ಹಂಚುವುದು ಕೇಳುತ್ತಿತ್ತು. ದೊಡ್ಡಮ್ಮ "ಊಟ ಆಯ್ತಾ ಮಗಾ?" ಎಂದರು. ಆ ಒಂದು ಪ್ರಶ್ನೆಗೆ ನನಗೆ ಎಷ್ಟು ಅಳು ಬಂತೆಂದರೆ, ಆಯ್ತು ಆಯ್ತು ಎಂದು ಸುಳ್ಳು ಹೇಳುತ್ತಾ ಗೋಡೆಯ ಕಡೆ ತಿರುಗಿ ನಿಂತೆ.

ಅಷ್ಟರಲ್ಲಿ ಹಮೀದಾಕ ಬಂದರು. "ಮೇಡಂ, ಇಂಜಿನ್ ಬಂದ್ ಮಾಡ್ಲಿಕ್ಕೆ ಹೇಳ್ತಾನೆ ಸೆಕ್ಯುರಿಟಿ. ಹೊಗೆ ಒಳಗೆ ಹೋಗ್ತದಂತೆ. ಎಂತ ಮಾಡುದು?"

ನಾನು ಕೈಬೀಸಿದೆ. "ಅವನು ಹೇಳಿದ ಹಾಗೆ ಮಾಡಿ ಮಾರಾಯ್ರೇ" ಎಂದು ಮತ್ತೆ ಫೋನನ್ನು ಕಿವಿಗಿಟ್ಟೆ. ಆ ಟ್ರಕ್ಕಿನ ಚಿಲ್ಲರ್ ಓಡುವುದು ಇಂಜಿನ್ನಿನಿಂದ. ಇಂಜಿನ್ ನಿಂತರೆ ಚಿಲ್ಲರ್ ನಿಲ್ಲುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳೇ ನಾನು. ಫೋನ್ ಇಟ್ಟ ಮೇಲೂ ಟ್ರಕ್ಕಿನ ಕಡೆ ಹೋಗಿ ನೋಡಲಿಲ್ಲ.

ಮೂರು ಗಂಟೆಗೆ ಪೆಟ್ಟಿಗೆಗಳನ್ನು ಇಳಿಸಿದೆವು. ಬಂದ ಪೆಟ್ಟಿಗೆಯನ್ನು ಕೂಡಲೇ ತೆರೆಯಬಾರದು, ಒಳಗಿನ ಹವೆ ಕೋಣೆಯ ಹವೆಗೆ ಹೊಂದಿಕೊಳ್ಳಲು ಇಪ್ಪತ್ತನಾಲ್ಕು ಗಂಟೆ ಬಿಡಬೇಕು. ಮರುದಿನ ಅದೇ ಹೊತ್ತಿಗೆ ಒಂದನೇ ಪೆಟ್ಟಿಗೆ, ಎರಡನೆಯದು, ಎರಡೂ ಸರಿ. ಮೂರನೆಯದರ ಮುಚ್ಚಳ ಎತ್ತಿದ್ದೇ ತಡ, ಥೂ, ಕೊಳೆತ ಮೊಟ್ಟೆಯ ನಾತ ಕೋಣೆ ತುಂಬಿತು. ಕೆಲಸದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

ಅದರಲ್ಲಿ ಹನ್ನೆರಡು ಈಸ್ಟರ್ ಮೊಟ್ಟೆಗಳಿದ್ದವು. ಮೇಣದಲ್ಲಿ ಚಿತ್ರ ಬರೆದು ಬಣ್ಣದಲ್ಲಿ ಅದ್ದಿ ಮಾಡುವ ಕೋಳಿಮೊಟ್ಟೆಗಳು. ಒಳಗಿನದನ್ನು ಊದಿ ತೆಗೆದಿರುತ್ತಾರೆ ಎಂದುಕೊಂಡಿದ್ದೆ. ತೆಗೆಯುವುದಿಲ್ಲವಂತೆ. "ಒಳಗೆ ಜೀವ ಇರಬೇಕು. ಖಾಲಿ ಮೊಟ್ಟೆ ಯಾರಿಗೆ ಕೊಡುತ್ತಾರೆ?" ಎಂದರು ಹಾಲಿನಾ. ತಂಪಾದ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟರೆ ಒಳಗಿನದು ಒಣಗಿ ಕಲ್ಲಾಗುತ್ತದೆ. ಆದರೆ ಒಂದಕ್ಕೆ ಬಣ್ಣ ಉಳಿಯಲೆಂದು ಹಿಂದೆ ಹಾಲಿನಾ ತಾವೇ ವಾರ್ನಿಷ್ ಹಚ್ಚಿದ್ದರು. ಅದು ಉಸಿರಾಡಲಾಗದೆ ಹಸಿಯಾಗಿಯೇ ಉಳಿದಿತ್ತು. ಸಿಡಿದದ್ದು ಅದೇ.

ಹಾಲಿನಾ ಮಂಡಿಯೂರಿ, ಸಣ್ಣ ಬ್ರಷ್ಷಿನಿಂದ ಚೂರುಗಳನ್ನು ಬಿಳಿ ಕಾಗದಕ್ಕೆ ಸೇರಿಸತೊಡಗಿದರು. ಅಳಲಿಲ್ಲ. ಸೇರಿಸುತ್ತಲೇ ಹೇಳಿದರು: ಅದು 1979ರದ್ದು. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ. ನದಿಗೆ ಅಣೆಕಟ್ಟು ಏಳುತ್ತಿತ್ತು. ಮುಳುಗಲಿದ್ದ ಹಳ್ಳಿಯೊಂದಕ್ಕೆ ನಡೆದುಹೋಗಿ, ಮನೆ ಖಾಲಿ ಮಾಡುತ್ತಿದ್ದ ಒಬ್ಬ ಅಜ್ಜಿಯಿಂದ ತಂದಿದ್ದರು. ಆ ಹಳ್ಳಿಯ ಚಿತ್ರಗಾರಿಕೆ ಇದ್ದ ಮೊಟ್ಟೆ ಇನ್ನೊಂದಿಲ್ಲ. ಈಗ ಹಳ್ಳಿಯೂ ನೀರಿನಡಿ.

ನಾನು ಮುಸಫ್ಫಾಕ್ಕೆ ಹೋಗಿ, ಪೆಟ್ಟಿಗೆಯೊಳಗಿದ್ದ ಡೇಟಾ ಲಾಗರನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಬೆಂಕಿಪೊಟ್ಟಣದಷ್ಟೇ ಇರುವ ಯಂತ್ರ. ಐದೈದು ನಿಮಿಷಕ್ಕೆ ಉಷ್ಣತೆ ಬರೆದುಕೊಳ್ಳುತ್ತದೆ. 12:50ರವರೆಗೆ 21 ಡಿಗ್ರಿ. ಆಮೇಲೆ ಗೆರೆ ಮೇಲೇರುತ್ತಲೇ ಹೋಗಿ 2:55ಕ್ಕೆ 44. ಮೂರನೇ ಪೆಟ್ಟಿಗೆ ಎಲ್ಲಕ್ಕಿಂತ ಮೇಲೆ, ಟ್ರಕ್ಕಿನ ತಗಡಿನ ಛಾವಣಿಗೆ ತಾಗಿಕೊಂಡೇ ಇತ್ತು.

ಮ್ಯಾನೇಜರ್ ನನ್ನ ಹಿಂದೆ ನಿಂತು ಗೆರೆಯನ್ನು ನೋಡಿದರು. "ಸುನಂದಾ, ಮೊಟ್ಟೆ ಅಂದಮೇಲೆ ಒಂದಲ್ಲ ಒಂದು ದಿನ ಕೆಡಲೇಬೇಕಲ್ಲ? ಇನ್ಹೆರೆಂಟ್ ವೈಸ್ ಅಂತ ಬರಿ. ಖಲಾಸ್."

ಇನ್ಹೆರೆಂಟ್ ವೈಸ್ ಎಂಬುದು ನಮ್ಮ ವೃತ್ತಿಯ ಮಾತು. ಹೊರಗಿನ ಯಾರ ತಪ್ಪೂ ಇಲ್ಲ, ವಸ್ತುವಿನ ಹುಟ್ಟುಗುಣದಿಂದಲೇ ಹಾಳಾಯಿತು ಎಂದು ಅರ್ಥ. ಅದನ್ನು ಬರೆದರೆ ಹಸಿ ಮೊಟ್ಟೆಗೆ ವಾರ್ನಿಷ್ ಬಳಿದು ಬಿಸಿಲ ದೇಶಕ್ಕೆ ಕಳಿಸಿದ ಕೀಪರ್‌ನದೇ ತಪ್ಪು ಎಂದಾಗುತ್ತದೆ. ಬರೆಯದಿದ್ದರೆ ತಪ್ಪು ನನ್ನದು. ನೌಕರಿ ಹೋಗುತ್ತದೆ, ನೌಕರಿಯೊಂದಿಗೆ ವೀಸಾ. ಐವತ್ತೆರಡರ ಹೆಂಗಸನ್ನು ಬೇರೆ ಯಾರು ಕರೆಯುತ್ತಾರೆ? ವಾರ್ನಿಷ್ ಇದ್ದದ್ದು ನಿಜ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಸತ್ಯ ಕೈಗೆ ಸಿಕ್ಕರೆ ಮನುಷ್ಯರು ಪೂರ್ತಿ ಸುಳ್ಳು ಹೇಳುವ ಕಷ್ಟವನ್ನೇಕೆ ತೆಗೆದುಕೊಳ್ಳುತ್ತಾರೆ? ಆ ಎರಡು ಪದ ಟೈಪ್ ಮಾಡಿದೆ. ಲಾಗರ್‌ನ ಗೆರೆಯನ್ನು ರಿಪೋರ್ಟಿಗೆ ಲಗತ್ತಿಸಲಿಲ್ಲ.

ಹೊರಗೆ ಹಮೀದಾಕ ಟ್ರಕ್ಕಿಗೆ ನೀರು ಹಾಯಿಸುತ್ತಿದ್ದರು. "ಮೇಡಂ, ಕೇಳಿದ್ರೆ ನಾನು ಸುಳ್ಳು ಹೇಳುದಿಲ್ಲ. ಕೇಳದಿದ್ರೆ ನಾನಾಗಿ ಹೇಳ್ಲಿಕ್ಕೂ ಹೋಗುದಿಲ್ಲ" ಎಂದರು. ಅವರನ್ನು ಯಾರೂ ಕೇಳಲಿಲ್ಲ.

ಮರುದಿನ ರಿಪೋರ್ಟನ್ನು ಹಾಲಿನಾ ಮುಂದಿಟ್ಟೆ. ಅವರಿಗೆ ಬರುತ್ತಿದ್ದದ್ದು ಶಾಲೆಯಲ್ಲಿ ಕಲಿತ ಇಂಗ್ಲಿಷ್. ಆ ಎರಡು ಪದಗಳ ಮೇಲೆ ಬೆರಳಿಟ್ಟು, ಹಾಗೆಂದರೇನು ಎಂದರು. ಮೊಟ್ಟೆಯದೇ ದೋಷ ಎಂದೆ.

"ಮೂವತ್ತನಾಲ್ಕು ವರ್ಷ ನಮ್ಮ ಕಪಾಟಿನಲ್ಲಿ ಸುಮ್ಮನೆ ಇತ್ತು" ಎಂದರು. ಪೆನ್ನು ಕೈಗೆತ್ತಿಕೊಂಡರು. "ನೀವು ಜೊತೆಯಲ್ಲೇ ಇದ್ದಿರಲ್ಲ?"

"ಇದ್ದೆ."

"ಹಾಗಾದರೆ ಸರಿ. ನೀವು ತಿಳಿದವರು." ಸಹಿ ಹಾಕಿದರು.

ಎರಡು ದಿನದ ನಂತರ ಅವರು ಹೊರಟರು. ಪ್ರದರ್ಶನ ಮೂರು ತಿಂಗಳು ನಡೆಯಿತು. ಕೆಲಸವಿಲ್ಲದಿದ್ದರೂ ಶುಕ್ರವಾರಗಳಂದು ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ಮೊಟ್ಟೆಗಳಿದ್ದವು. ಅಲ್ ಐನ್‌ನಿಂದ ಬಂದ ನಮ್ಮವರ ಕುಟುಂಬವೊಂದು ಕೋಟೆಯ ಫೋಟೋದ ಮುಂದೆ ಸೆಲ್ಫಿ ತೆಗೆದುಕೊಂಡಿತು. ಪುಟ್ಟ ಹುಡುಗಿ ಮೊಟ್ಟೆಗಳನ್ನು ಎಣಿಸಿ, "ವೈ ಇಲೆವೆನ್, ಅಮ್ಮಾ?" ಎಂದಳು. ತಾಯಿ "ಅಷ್ಟೇ ಸಿಕ್ಕಿದ್ದಾಗಿರ್ಬೇಕು, ಬಾ" ಎಂದಳು. ಆ ತಾಯಿಯ ಕೈಹಿಡಿದು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಅಷ್ಟು ದಿನದಲ್ಲಿ ಹೇಳಿಕೊಳ್ಳಲು ನನಗೆ ಒಬ್ಬರೂ ಇರಲಿಲ್ಲ. ಊರಿಗೆ ಫೋನ್ ಮಾಡಿ ಹೇಳಿದ್ದರೆ, ಒಂದು ಮೊಟ್ಟೆಗೆ ಇಷ್ಟು ರಂಪವೇ ಎನ್ನುತ್ತಿದ್ದರು.

ಡಿಸೆಂಬರ್ 15ರಂದು ವಾಪಸ್ ಪ್ಯಾಕಿಂಗ್. ಈ ಸಲ ಕೊರಿಯರ್ ಆಗಿ ನಡುವಯಸ್ಸಿನ ಗಂಡಸೊಬ್ಬರು ಬಂದರು. ಅವರ ರಾಜಧಾನಿಯಲ್ಲಿ ಗಲಾಟೆ ನಡೆಯುತ್ತಿತ್ತು, ಗಳಿಗೆಗೊಮ್ಮೆ ಫೋನ್ ನೋಡುತ್ತಿದ್ದರು. ಹಾಲಿನಾ ಪೆಟ್ರಿವ್ನಾ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಅವರೀಗ ಕೀಪರ್ ಅಲ್ಲ. ಮೊಟ್ಟೆಯ ವಿಷಯ ನಿಮಗೇ ಗೊತ್ತಲ್ಲ, ರಿಪೋರ್ಟ್ ಬರೆದವರು ನೀವೇ. ಕೀಲಿಕೈ ವಾಪಸ್ ಪಡೆದರು. ಪಾಪ, ಈಗ ಕೆಳಗೆ ಬಂದವರ ಕೋಟು ತೆಗೆದಿಡುವ ಕೋಣೆಯಲ್ಲಿ ಕೂರುತ್ತಾರೆ."

ಅವರನ್ನು ಟೀ ಕುಡಿಯಲು ಕಳಿಸಿ, ಅಲ್ಲೇ ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಗದವಿಟ್ಟು ಹೊಸ ರಿಪೋರ್ಟ್ ಬರೆದೆ. ಕಾರಣ: ಸಾಗಣೆಯಲ್ಲಿ ಉಷ್ಣ. 12:50ಕ್ಕೆ ಚಿಲ್ಲರ್ ನಿಂತಿತು. ಇಂಜಿನ್ ನಿಲ್ಲಿಸಲು ಒಪ್ಪಿದವಳು ರಿಜಿಸ್ಟ್ರಾರ್. ಆಕೆ ಆಗ ಪೆಟ್ಟಿಗೆಗಳ ಜೊತೆಗಿರಲಿಲ್ಲ, ಸ್ವಂತ ಫೋನಿನಲ್ಲಿ ಮಾತನಾಡುತ್ತಿದ್ದಳು. ಲಾಗರ್‌ನ ಗೆರೆಯನ್ನು ಲಗತ್ತಿಸಿದೆ. ಒಂದು ಪ್ರತಿಯನ್ನು ಮೂರನೇ ಪೆಟ್ಟಿಗೆಯಲ್ಲಿಟ್ಟೆ, ಒಂದನ್ನು ಇನ್ಶೂರೆನ್ಸ್‌ನವರಿಗೆ ಕಳಿಸಿದೆ, ಒಂದನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಯಾರು ಕೇಳಿದರು ನಿನ್ನನ್ನು?" ಎಂದರು. ಅವರ ಸಿಟ್ಟಿನಲ್ಲಿ ಬೇಸರವೂ ಇತ್ತು ಎಂದು ಈಗ ಅನ್ನಿಸುತ್ತದೆ. ಫೆಬ್ರವರಿಯಲ್ಲಿ ನನ್ನ ವೀಸಾ ರದ್ದಾಯಿತು. ಹಮೀದಾಕನೇ ಏರ್‌ಪೋರ್ಟಿಗೆ ಬಿಟ್ಟರು. ಇಳಿಯುವಾಗ, "ಹೋಗ್ಲಿ ಮೇಡಂ, ಇನ್ನು ನಿದ್ರೆ ಬರ್ತದಲ್ಲ" ಎಂದರು.

ಮೇ ತಿಂಗಳಲ್ಲಿ ಪುತ್ತೂರಿನ ವಿಳಾಸಕ್ಕೆ ಹಾಲಿನಾ ಅವರ ಪತ್ರ ಬಂತು. ನಿಘಂಟು ನೋಡಿ ಬರೆದ ಇಂಗ್ಲಿಷ್. "ರಿಪೋರ್ಟ್ ಬಂತು. ಅದನ್ನು ದಾಖಲೆ ಪುಸ್ತಕದಲ್ಲಿ ಆ ಮೊಟ್ಟೆಯ ನಂಬರಿನ ಕೆಳಗೆ ಅಂಟಿಸಿದ್ದಾರೆ. ನನ್ನ ಹೆಸರಿನ ಮುಂದಿದ್ದ ಟಿಪ್ಪಣಿ ಹೊಡೆದುಹಾಕಿದ್ದಾರೆ. ಕೀಲಿಕೈ ವಾಪಸ್ ಕೊಡಲಿಲ್ಲ. ಹೊಸ ಕೀಪರ್ ಬಂದಾಗಿದೆ, ಒಳ್ಳೆಯ ಹೆಂಗಸು, ಅವಳನ್ನು ತೆಗೆಯಿರಿ ಎಂದು ನಾನು ಕೇಳಲಾರೆ. ನಾನು ಕೆಳಗೇ ಇದ್ದೇನೆ. ದೇಶದ ಪೂರ್ವದಲ್ಲಿ ಶುರುವಾದ ಯುದ್ಧದಿಂದಾಗಿ ಈಗ ಮ್ಯೂಸಿಯಂಗೆ ಯಾರೂ ಬರುವುದಿಲ್ಲ. ನೀವು ಆ ದಿನ ಫೋನಿನಲ್ಲಿ ಮಾತಾಡುತ್ತಿದ್ದಿರಿ ಎಂದು ಬರೆದಿದ್ದೀರಿ. ನಿಮ್ಮ ಮನೆಯವರು ಕ್ಷೇಮವಾಗಿದ್ದಾರೆಂದು ನಂಬುತ್ತೇನೆ."

ಕಾರಣದ ಕಾಲಂನಲ್ಲಿ ಏನು ಬರೆಯಬೇಕೆಂದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅದೇ ದಿನ ಬರೆಯುವುದಷ್ಟೇ ಕೆಲಸ, ಉಳಿದದ್ದೆಲ್ಲ ಗುಮಾಸ್ತಿಕೆ. ನಾನು ತೊಂಬತ್ತಾರು ದಿನ ತಡಮಾಡಿದೆ. ಅಷ್ಟರೊಳಗೆ ಅವರ ಕೀಲಿಕೈ ಬೇರೆಯವರ ಸೊಂಟಕ್ಕೆ ಹೋಗಿಯಾಗಿತ್ತು.