ಮೂಲೆಯ ಖೋಲಿಯ ಕಿಟಕಿ

ಹೋಟೆಲ್ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಪ್ರಹ್ಲಾದ ಕಾಕಾ ಮಾಡುತ್ತಿದ್ದ ಮೊದಲ ಕೆಲಸ ದಿಂಬನ್ನು ಎತ್ತಿ ಮೂಸುವುದು. ಕಣ್ಣು ಮುಚ್ಚಿಕೊಂಡು, ಮಲ್ಲಿಗೆಯನ್ನು ಮೂಸುವಷ್ಟು ನಿಧಾನವಾಗಿ ಮೂಸುತ್ತಿದ್ದರು. ಆಮೇಲೆ ಬಚ್ಚಲಿನ ನಲ್ಲಿ ತಿರುಗಿಸಿ, ನೀರಿನ ಕೆಳಗೆ ಒಂದು ಬೆರಳಿಟ್ಟು, ಅದು ಬಿಸಿಯಾಗುವವರೆಗೂ ಗೋಡೆ ನೋಡುತ್ತ ನಿಂತಿರುತ್ತಿದ್ದರು. ಕೊನೆಗೆ ಚಪ್ಪಲಿ ಕಳಚಿ ಮಂಚದ ಅಂಚಿನಲ್ಲಿ ಕುಳಿತು, ಮೈಯನ್ನು ಒಂದೆರಡು ಸಲ ಕುಲುಕಿ ತೀರ್ಪು ಕೊಡುತ್ತಿದ್ದರು: "ನಡೀತದ." ಇಲ್ಲವೇ, "ನಡಿಯೂದಿಲ್ಲ." ಮೂರನೆಯ ಮಾತು ಅವರಲ್ಲಿ ಇರಲಿಲ್ಲ.

ಇಷ್ಟೆಲ್ಲ ದಿಂಬು ಮೂಸಿದ ಮನುಷ್ಯ ಕೋಲ್ಕತ್ತದ ಯಾವ ಹೋಟೆಲಿನಲ್ಲೂ ಒಂದು ರಾತ್ರಿ ಮಲಗಿರಲಿಲ್ಲ. ಒಮ್ಮೆ ಕೇಳಿದ್ದೆ. "ನಾ ಯಾಕ ಮಲಗ್ಲಿ ತಂಗಿ? ನನಗ ಇಲ್ಲೇ ಕಸ್ಬಾದಾಗ ಮನಿ ಅದ," ಎಂದು ನಕ್ಕಿದ್ದರು.

ಪೂರ್ತಿ ಹೆಸರು ಪ್ರಹ್ಲಾದ ರಾವ್, ಊರು ಧಾರವಾಡ. ನೌಕರಿಗೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಕೋಲ್ಕತ್ತದ ರೈಲ್ವೆ ಕಚೇರಿಯಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಪುಣೆಯಲ್ಲಿದ್ದಳು. ನಿವೃತ್ತಿಯ ಮೇಲೆ ಅವರು ತಾವಾಗಿಯೇ ಹಚ್ಚಿಕೊಂಡ ಕೆಲಸ ಒಂದೇ: ಈ ಊರಿಗೆ ಬರುವ ಕನ್ನಡದವರಿಗೆ ಉಳಿಯಲು ಜಾಗ ಹುಡುಕಿಕೊಡುವುದು. ಪರೀಕ್ಷೆಗೆ ಬರುವವರು, ಆಸ್ಪತ್ರೆಗೆ ಬರುವವರು, ಕಾಳಿಯ ದರ್ಶನಕ್ಕೆ ಬರುವವರು, ಯಾರಾದರೂ ಸರಿ, ಅವರ ಮೊಬೈಲಿಗೆ ಫೋನ್ ಮಾಡುತ್ತಿದ್ದರು. ಕಾಕಾ ಹೋಗಿ ನೋಡದೆ ಯಾವ ಹೋಟೆಲಿನ ಹೆಸರನ್ನೂ ಹೇಳುತ್ತಿರಲಿಲ್ಲ. "ಇಂಟರ್ನೆಟ್ಟಿನ್ಯಾಗ ಫೋಟೋ ಇರ್ತದಲ್ಲ ಕಾಕಾ," ಎಂದರೆ, "ಫೋಟೋಕ್ಕ ವಾಸನಿ ಇರ್ತದೇನು?" ಎನ್ನುತ್ತಿದ್ದರು.

ನಾನು ಬಾರಾನಗರದ ಸಂಶೋಧನಾ ಸಂಸ್ಥೆಗೆ ಸೇರಿದ ವರ್ಷ, ಸಾಲ್ಟ್ ಲೇಕ್ ಬಡಾವಣೆಯಲ್ಲಿ ಕನ್ನಡದವರು ಸೇರಿ ಮಾಡುವ ಯುಗಾದಿಯಲ್ಲಿ ಅವರ ಪರಿಚಯವಾಯಿತು. ದಿನಚರಿಯಲ್ಲಿ ಆ ದಿನ ಬರೆದದ್ದು ಇಷ್ಟೇ: "ಒಬ್ಬಟ್ಟು ಎರಡು. ಹೊಸ ಪರಿಚಯ ಆರು. ಒಬ್ಬರು ದಿಂಬಿನ ಬಗ್ಗೆ ಕೇಳಿದರು." ನಿಜಕ್ಕೂ ಅವರು ನನ್ನ ಹೆಸರು ಕೇಳುವ ಮೊದಲು ಕೇಳಿದ್ದು ಅದನ್ನೇ. "ನಿಮ್ಮ ಹಾಸ್ಟೆಲಿನ ದಿಂಬು ಹ್ಯಾಂಗದ ತಂಗಿ?" ಗಟ್ಟಿ ಇದೆ, ಬೆಳಗ್ಗೆ ಕತ್ತು ಹಿಡಿದುಕೊಳ್ಳುತ್ತದೆ ಎಂದೆ. ಮುಂದಿನ ಭಾನುವಾರ ಅವರು ಕಸ್ಬಾದಿಂದ ಬಾರಾನಗರದವರೆಗೆ ಬಂದರು. ಕಂಕುಳಲ್ಲಿ ಹೊಸ ದಿಂಬು. ಇಲ್ಲಿನವರು ಶಿಮುಲ್ ಎನ್ನುವ ಬೂರುಗದ ಹತ್ತಿ ತುಂಬಿಸಿ, ಎದುರಿಗೆ ಕೂತು ಹೊಲಿಸಿ ತಂದದ್ದು. ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ಅನುಮಾನದಿಂದ ದಿಂಬನ್ನು ಒತ್ತಿ ನೋಡಿದಾಗ, "ಒತ್ತು, ಒತ್ತು. ಇಂಥಾದ್ದು ನಿನಗೂ ಬೇಕಾದ್ರ ಹೇಳು," ಎಂದು ಕನ್ನಡದಲ್ಲೇ ಅಂದರು. ಮನೆ ಬಿಟ್ಟು ಬಂದಮೇಲೆ ನಾನು ಸರಿಯಾಗಿ ನಿದ್ದೆ ಮಾಡಿದ್ದು ಅಂದೇ ರಾತ್ರಿ.

ಅವರಿಗೆ ಈ ಊರಿನಲ್ಲಿ ಒಬ್ಬನೇ ವೈರಿ ಇದ್ದ. ಅದೊಂದು ಕಟ್ಟಡ. ವಿಕ್ಟೋರಿಯಾ ಮೆಮೋರಿಯಲ್ಲಿನ ಹತ್ತಿರ, ಮುಂಡಾಸಿನ ಕಾವಲುಗಾರ ಬಾಗಿಲು ತೆರೆಯುವ ದೊಡ್ಡ ಹೋಟೆಲು. ಯಾರದೋ ಮದುವೆಗೆ ಬರುವ ಬೀಗರಿಗಾಗಿ ಕಾಕಾ ಅಲ್ಲಿಗೆ ಕೋಣೆ ನೋಡಲು ಹೋಗಿದ್ದರಂತೆ. ಮೆತ್ತನೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಉಳಿಯದವರಿಗೆ ಕೋಣೆ ತೋರಿಸುವ ಪದ್ಧತಿ ಇಲ್ಲ ಎಂದು ಕಳಿಸಿದರಂತೆ. ಅಂದಿನಿಂದ ಅವರ ಬಾಯಲ್ಲಿ ಅದು "ಆ ಅರಮನಿ."

"ಆ ಅರಮನಿಯೊಳಗ ಮಂದಿ ಹೊಳ್ಳಿ ಮಲಗಿದ್ರೂ ರೊಕ್ಕ ಹತ್ತತದ. ನಿದ್ದಿ ಹ್ಯಾಂಗ ಬರ್ತದ?"

ಅದಕ್ಕೆ ಎದುರಾಗಿ ಅವರು ನಿಲ್ಲಿಸಿದ್ದು ಹಿಂದಿನ ಗಲ್ಲಿಯಲ್ಲಿದ್ದ ಒಂದು ಸಾದಾ ಲಾಡ್ಜನ್ನು. ಎಳೆಯುವ ಜಾಲರಿ ಬಾಗಿಲಿನ ಹಳೆಯ ಲಿಫ್ಟು, ಹಸಿರು ಗೋಡೆ, ತಪನ್‌ದಾ ಎಂಬ ಮ್ಯಾನೇಜರು. ಆದರೆ ಅದರ ಮೂರನೆಯ ಮಹಡಿಯ ಮೂಲೆಯ ಕೋಣೆಗೆ ಒಂದು ಕಿಟಕಿಯಿತ್ತು. ಮಂಚದ ಮೇಲೆ ಮಲಗಿ ತಲೆ ಎಡಕ್ಕೆ ತಿರುಗಿಸಿದರೆ ಎರಡು ಕಟ್ಟಡಗಳ ನಡುವೆ, ಮರಗಳ ಮೇಲೆ, ವಿಕ್ಟೋರಿಯಾದ ಬಿಳಿ ಗುಮ್ಮಟ ಮತ್ತು ಅದರ ತುದಿಯ ಕಪ್ಪು ದೇವತೆಯ ಮೂರ್ತಿ ಕಾಣುತ್ತಿದ್ದವು. ನನ್ನನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು, ಮಂಚದ ಮೇಲೆ ಒತ್ತಾಯದಿಂದ ಮಲಗಿಸಿ, "ಈಗ ಹೇಳು, ಅರಮನಿಯವರಿಗೆ ಇದಕ್ಕಿಂತ ಹೆಚ್ಚಿನ ವಿಕ್ಟೋರಿಯಾ ಕಾಣ್ತದೇನು?" ಎಂದು ಕೇಳಿದ್ದರು. ಆ ಕೋಣೆಯನ್ನು ತಮ್ಮ ಮಾತಿಲ್ಲದೆ ಕೊಡಬಾರದೆಂದು ತಪನ್‌ದಾನಿಗೆ ಹೇಳಿಟ್ಟಿದ್ದರು. ಕಾಕಾ ಕಳಿಸುವ ಗಿರಾಕಿಗಳಿಂದ ನಡೆಯುತ್ತಿದ್ದ ಲಾಡ್ಜು, ತಪನ್‌ದಾ ಇಲ್ಲ ಎನ್ನುತ್ತಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಮ್ಮ ತುಮಕೂರಿನಿಂದ ಬರುವುದೆಂದಾಯಿತು. ನಮ್ಮ ತಾತ ಮಿಲಿಟರಿಯಲ್ಲಿದ್ದಾಗ ಕಾಯಿಲೆ ಬಿದ್ದು ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ಚಳಿಗಾಲವಿಡೀ ಮಲಗಿದ್ದರು. ಹಾಸಿಗೆಯಿಂದಲೇ ಕಾಣುತ್ತಿದ್ದ ಗುಮ್ಮಟ, ಬೆಳಗಿನ ಮಂಜಿನಲ್ಲಿ ಮೊದಲು ದೇವತೆ, ಆಮೇಲೆ ಮಿಕ್ಕಿದ್ದು ಮೂಡಿಬರುವುದು, ಇದನ್ನು ಅವರು ಅಮ್ಮನಿಗೆ ಎಷ್ಟು ಸಲ ಹೇಳಿದ್ದರೆಂದರೆ ಅಮ್ಮ ಅದನ್ನು ತಾನೇ ಕಂಡವಳಂತೆ ನನಗೆ ಹೇಳುತ್ತಿದ್ದಳು. ಅವಳಿಗೆ ವಿಕ್ಟೋರಿಯಾದ ಒಳಗೆ ಸುತ್ತಾಡುವ ಆಸೆ ಇರಲಿಲ್ಲ, ಮಂಡಿನೋವು ಬಿಡುತ್ತಲೂ ಇರಲಿಲ್ಲ. "ಅಪ್ಪ ನೋಡಿದ ಹಾಗೆ ಮಲಗಿಕೊಂಡೇ ನೋಡಬೇಕು ಕಣೆ," ಎಂದಿದ್ದಳು. ಅಷ್ಟು ದೂರದ ಪ್ರಯಾಣ ಅವಳಿಂದ ಮತ್ತೊಮ್ಮೆ ಆಗುತ್ತದೆಂದು ಇಬ್ಬರಿಗೂ ನಂಬಿಕೆ ಇರಲಿಲ್ಲ.

ನಾನು ಯಾವುದನ್ನೂ ಎಣಿಸದೆ ನಿರ್ಧರಿಸುವವಳಲ್ಲ. ದಿನಚರಿಯ ಒಂದು ಪುಟಕ್ಕೆ ನಡುವೆ ಗೆರೆ ಎಳೆದು, ಎಡಕ್ಕೆ ದೊಡ್ಡ ಹೋಟೆಲು, ಬಲಕ್ಕೆ ಲಾಡ್ಜು ಎಂದು ಬರೆದು ಅಂಕ ಹಾಕಿದೆ. ದೊಡ್ಡ ಹೋಟೆಲೇ ಗೆದ್ದಿತು. ವಿಕ್ಟೋರಿಯಾದ ಕಡೆಯ ಕೋಣೆಯನ್ನೇ ಕೊಡುತ್ತೇವೆಂದು ಅವರು ಬರೆದುಕೊಟ್ಟಿದ್ದರು. ಅಮ್ಮನೂ ಒಪ್ಪಿದ್ದಳು. ಎರಡು ರಾತ್ರಿಗೆ ಬುಕ್ ಮಾಡಿದೆ.

ಕಾಕಾ ಕೇಳಿ ನೊಂದುಕೊಂಡರು. ಸಿಟ್ಟಾಗಿದ್ದರೆ ನಾನು ಗಟ್ಟಿಯಾಗಿ ನಿಲ್ಲುತ್ತಿದ್ದೆನೋ ಏನೋ. ಅವರ ದನಿ ಸಣ್ಣದಾಯಿತು.

"ನಾ ಇರೂವಾಗ ನಿಮ್ಮ ತಾಯಿಯವ್ರು ಆ ಅರಮನಿಯೊಳಗ ಇಳೀಬೇಕೇನು? ಮೂಲಿ ಖೋಲಿ ಅವರದು. ನಾ ಹೇಳೇನಿ ಅಂದ್ರ ಮುಗೀತು."

"ಖಂಡಿತ ಸಿಗುತ್ತಾ ಕಾಕಾ? ಅಮ್ಮ ಬರ್ತಿರೋದೇ ಆ ಕಿಟಕಿಗೋಸ್ಕರ."

"ಏ ಹುಚ್ಚಿ, ನಿಮ್ಮ ತಾಯಿ ಬರೂದ್ರೊಳಗ ಮಂಜಿಗೂ ಹೇಳಿ ಇಟ್ಟಿರ್ತೀನಿ."

ನಾನು ಬುಕಿಂಗ್ ರದ್ದು ಮಾಡಿದೆ.

ಅಮ್ಮ ಬಂದ ದಿನ ಸಂಜೆ ಲಾಡ್ಜು ತಲುಪಿದಾಗ ಕಾಕಾ ಗಲ್ಲಿಯ ತಿರುವಿನಲ್ಲೇ ಕಾದಿದ್ದರು. ಅಮ್ಮನ ಚೀಲ ತಾವೇ ಎತ್ತಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು, "ಮೂಲಿ ಖೋಲಿಯೊಳಗ ಪೈಪ್ ಒಡದದ ತಂಗಿ. ಮ್ಯಾಲಿಂದ ನೀರು ಸೋರಲಿಕ್ಕ ಹತ್ತೇದ. ಹಾಸಿಗಿ ಎಲ್ಲಾ ತೊಯ್ದು ಹೋಗೇದ. ಎರಡು ದಿನ ಕೆಳಗ ಹೊಂದಿಸ್ಕೋರಿ."

ಕೊಟ್ಟದ್ದು ಮೊದಲ ಮಹಡಿಯ ಹಿಂಬದಿಯ ಕೋಣೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಏಸಿ ಯಂತ್ರಗಳು, ಅವುಗಳ ಮೇಲೆ ಪಾರಿವಾಳಗಳು. ಅಮ್ಮ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತು, "ಪಾರಿವಾಳ ಚೆನ್ನಾಗಿದಾವೆ," ಎಂದಳು. ದೊಡ್ಡ ಹೋಟೆಲಿಗೆ ಫೋನ್ ಮಾಡಿದೆ. ಕ್ರಿಸ್‌ಮಸ್ ಹತ್ತಿರ, ಒಂದು ಕೋಣೆಯೂ ಖಾಲಿ ಇರಲಿಲ್ಲ. ಕಾಕಾ ಆ ಕೋಣೆಯಲ್ಲಿ ಚೀಲ ಇಟ್ಟು ನೀರು ಕುಡಿದು ಹೋದರು. ದಿಂಬು ಮೂಸಲಿಲ್ಲ. ಅದನ್ನು ನಾನು ಗಮನಿಸಿದ್ದು ಆಮೇಲೆ.

ಮರುದಿನ ಬೆಳಗ್ಗೆ ಅಮ್ಮ ಹಲ್ಲುಜ್ಜುತ್ತಿರುವಾಗ ನಾನು ಮೂರನೆಯ ಮಹಡಿಗೆ ಹೋದೆ. ಹಾಸಿಗೆ ಒದ್ದೆಯಾಗಿದ್ದರೆ ಇರಲಿ, ಕುರ್ಚಿ ಹಾಕಿಯಾದರೂ ಅಮ್ಮನಿಗೆ ಐದು ನಿಮಿಷ ತೋರಿಸೋಣ ಎಂದುಕೊಂಡಿದ್ದೆ. ಮೂಲೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಮಂಚದ ಮೇಲೆ ಶಾಲು ಹೊದ್ದು ಯಾರೋ ದೊಡ್ಡ ಮನುಷ್ಯರು ಒರಗಿದ್ದರು, ಕೈಯಲ್ಲಿ ಚಹಾ. ಎದುರಿನ ಕುರ್ಚಿಯಲ್ಲಿ ಪ್ರಹ್ಲಾದ ಕಾಕಾ. ಸೂರು ಒಣಗಿತ್ತು, ಗೋಡೆ ಒಣಗಿತ್ತು. ಕಿಟಕಿಯಲ್ಲಿ, ತಾತ ಹೇಳಿದ ಹಾಗೆಯೇ, ಮಂಜಿನಿಂದ ದೇವತೆ ಮಾತ್ರ ಹೊರಬಂದಿತ್ತು.

ಕಾಕಾ ತಡಬಡಿಸಿ ಎದ್ದರು. "ಬಾ ತಂಗಿ, ಬಾ. ಸರ್, ಈಕಿ ನಮ್ಮ ಹುಡುಗಿ, ರಿಸರ್ಚ್ ಮಾಡ್ತಾಳ. ಸಾಹೇಬ್ರು ಬೆಂಗಳೂರಿಂದ ಬಂದಾರ, ದೊಡ್ಡ ಆಫೀಸರ್ರು."

"ಪೈಪ್ ಒಡೆದಿತ್ತಲ್ಲ ಕಾಕಾ?"

"ಅದು... ರಾತ್ರಿಯೇ ರಿಪೇರಿ ಮಾಡಿಸಿದೆ."

"ಪೈಪಾ?" ಎಂದರು ಆ ಅಧಿಕಾರಿ, ಪಾಪ, ನಿಜವಾಗಿಯೂ ಆಶ್ಚರ್ಯದಿಂದ. "ನಾನು ನಿನ್ನೆ ಮಧ್ಯಾಹ್ನದಿಂದ ಇಲ್ಲೇ ಇದೀನಲ್ಲ ರಾಯರೇ. ಏನೂ ತೊಂದರೆ ಇಲ್ಲ. ಫಸ್ಟ್ ಕ್ಲಾಸ್ ರೂಮು."

ನಾನು ಹೊರಗೆ ಬಂದೆ. ಕಾಕಾ ಮೆಟ್ಟಿಲಿನವರೆಗೆ ಹಿಂದೆಯೇ ಬಂದರು. ಅವರ ಮುಖದಲ್ಲಿ ನಾಚಿಕೆ ಇರುತ್ತದೆಂದು ತಿರುಗಿ ನೋಡಿದೆ. ಇದ್ದದ್ದು ಬೇರೆ. ಪರೀಕ್ಷೆಯಲ್ಲಿ ಗೆದ್ದವರ ಕಣ್ಣು.

"ಆ ಅರಮನಿಯೊಳಗ ಅವರಿಗೆ ಖೋಲಿ ಬುಕ್ ಆಗಿತ್ತು ತಂಗಿ. ಸರಕಾರದ ಖರ್ಚು! ನಾ ಈ ಕಿಟಕಿ ಬಗ್ಗೆ ಹೇಳಿದೆ. ಬಿಟ್ಟು ಬಂದ್ರು. ತಿಳೀತೇನು? ಅದನ್ನ ಬಿಟ್ಟು ನನ್ನ ಲಾಡ್ಜಿಗೆ ಬಂದ್ರು!"

"ನಾವೂ ಅದೇ ಹೋಟೆಲ್ ಬಿಟ್ಟು ಬಂದಿದ್ದು ಕಾಕಾ."

ಅವರು ನನ್ನ ಭುಜ ತಟ್ಟಿದರು. "ನೀವು ಮನಿ ಮಂದಿ. ನಿಮ್ಮದು ಬ್ಯಾರೆ."

ಸುಳ್ಳು ಹೇಳಿದ್ದನ್ನು ಮರೆತೇನು, ಈ ಮಾತನ್ನು ಮರೆಯಲು ಇನ್ನೂ ಆಗಿಲ್ಲ. ಮನೆಯವಳಾದ್ದಕ್ಕೇ ನನ್ನಮ್ಮನಿಗೆ ಪಾರಿವಾಳದ ಕಿಟಕಿ ಸಿಕ್ಕಿತ್ತು.

ಕೆಳಗೆ ಹೋಗಿ, ಮೂಲೆಯ ಕೋಣೆ ಸರಿಯಾಗಿದೆಯಂತೆ, ಬೇರೆಯವರು ಬಂದಿದ್ದಾರೆ, ಕೇಳಿಕೊಂಡು ಒಂದು ಸಲ ನೋಡಿ ಬರೋಣ ಬಾ ಎಂದೆ. ಅಮ್ಮ ಮುಖ ಒರೆಸಿಕೊಳ್ಳುತ್ತ, "ಯಾರೋ ಗಂಡಸರು ಮಲಗಿರೋ ಕೋಣೆಗಾ? ಚೆನ್ನಾಗಿರಲ್ಲ ಕಣೆ," ಎಂದಳು. ಆಮೇಲೆ, "ಪಾಪ, ರಾಯರು ತಾನೇ ಏನು ಮಾಡ್ತಾರೆ. ಎಷ್ಟು ಓಡಾಡಿದ್ದಾರೆ ನಮಗೋಸ್ಕರ." ಅವರಿಗೆಂದು ತಂದಿದ್ದ ಚಟ್ನಿಪುಡಿಯ ಡಬ್ಬಿಯನ್ನು ತಪ್ಪದೆ ಕೊಟ್ಟಳು. ಕಾಕಾ ಎರಡೂ ಕೈಯಲ್ಲಿ ತೆಗೆದುಕೊಂಡರು. ವಿಕ್ಟೋರಿಯಾವನ್ನು ಅಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ, ಟ್ಯಾಕ್ಸಿಯ ಕಿಟಕಿಯಿಂದ ನೋಡಿದಳು. ಆ ದಿನದ ಪುಟದಲ್ಲಿ ನಾನು ತಾರೀಕು ಮಾತ್ರ ಬರೆದಿದ್ದೇನೆ.

ಮುಂದಿನ ಯುಗಾದಿಯಲ್ಲಿ ಕಾಕಾ, ಸುತ್ತ ಜನ ಕೂಡಿಸಿಕೊಂಡು, ಅರಮನೆ ಬಿಟ್ಟು ಬಂದ ಸಾಹೇಬರ ಕತೆ ಹೇಳುತ್ತಿದ್ದರು. ನನ್ನನ್ನು ಕಂಡು, "ಇವರ ತಾಯಿಯವ್ರೂ ಅದೇ ಲಾಡ್ಜಿನ್ಯಾಗ ಇಳದಿದ್ರು. ಬೇಕಾದ್ರ ಕೇಳ್ರಿ," ಎಂದರು. ಎಲ್ಲರೂ ನನ್ನತ್ತ ತಿರುಗಿದರು.

"ಹೌದು, ಇಳಿದಿದ್ದರು," ಎಂದೆ.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ. ಕಸ್ಬಾದ ಮನೆ ಖಾಲಿ ಮಾಡಿ ಪುಣೆಗೆ, ಮಗಳ ಬಳಿಗೆ ಹೊರಟಿದ್ದರು. ಹೌರಾ ಸ್ಟೇಷನ್ನಿಗೆ ಬೀಳ್ಕೊಡಲು ಏಳೆಂಟು ಜನ ಬಂದಿದ್ದರು. ಹೋಗಬಾರದೆಂದುಕೊಂಡಿದ್ದೆ, ಹೋಗಿದ್ದೆ. ಬೋಗಿಯ ಕಿಟಕಿಯ ಸರಳಿನೊಳಗಿಂದ ನನ್ನ ಕೈ ಹಿಡಿದು, ಬೇರೆಯವರಿಗೆ ಕೇಳದಂತೆ ಹೇಳಿದರು, "ನಿಮ್ಮ ತಾಯಿಯವ್ರನ್ನ ಇನ್ನೊಮ್ಮೆ ಕರಕೊಂಡು ಬಾ. ಮೂಲಿ ಖೋಲಿ ಅವರಿಗಂತ ತಪನ್‌ದಾನಿಗೆ ಹೇಳಿ ಬಂದೀನಿ. ಖರೇನೇ ಹೇಳೇನಿ." ಅವರ ಕಣ್ಣು ತುಂಬಿತ್ತು. ರೈಲು ಹೋದಮೇಲೆ ನಾನೂ ಅತ್ತೆ.

ಮುಂದಿನ ವಾರವೇ ಲಾಡ್ಜಿಗೆ ಹೋಗಿ, ಕಾಕಾ ಏನು ಹೇಳಿ ಹೋದರು ಎಂದು ಕೇಳಿದೆ. ತಪನ್‌ದಾ ನೆನಪು ಮಾಡಿಕೊಂಡು ತಲೆಯಾಡಿಸಿದ. "ರಾವ್‌ದಾ ಬಂದಿದ್ದರು ದೀದಿ, ಹೊರಡುವ ಹಿಂದಿನ ರಾತ್ರಿ. ಮೂಲೆಯ ಕೋಣೆಯಲ್ಲಿ ಒಂದು ರಾತ್ರಿ ಮಲಗಬೇಕು ಅಂದರು. ಬಿಸಿನೀರು ಕೇಳಿದರು. ಬೆಳಗ್ಗೆ ಬಹಳ ಹೊತ್ತು ಎದ್ದೇ ಇರಲಿಲ್ಲ, ಕಿಟಕಿ ನೋಡುತ್ತ ಮಲಗಿದ್ದರು." ಅಮ್ಮನ ವಿಷಯ ಎತ್ತಿದಾಗ, "ನಿಮ್ಮ ತಾಯಿಯ ವಿಷಯವಾ? ಇಲ್ಲ, ಅದೇನೂ ಹೇಳಲಿಲ್ಲ," ಎಂದ.

ಆ ಬೂರುಗದ ದಿಂಬು ಈಗಲೂ ನನ್ನ ಹಾಸಿಗೆಯ ಮೇಲಿದೆ. ಎಸೆಯಬೇಕೆಂದು ಎರಡು ಸಲ ಎತ್ತಿದ್ದೇನೆ. ಅದರಷ್ಟು ಒಳ್ಳೆಯ ದಿಂಬು ಈ ಊರಿನಲ್ಲಿ ನನಗೆ ಸಿಕ್ಕಿಲ್ಲ.

ನಿನ್ನೆ ಅಮ್ಮನಿಗೆ ಫೋನ್ ಮಾಡಿ, ಮಂಡಿಗೆ ಸ್ವಲ್ಪ ವಾಸಿಯಿದ್ದರೆ ಈ ಚಳಿಗಾಲ ಇನ್ನೊಂದು ಸಲ ಬಾ, ದೊಡ್ಡ ಹೋಟೆಲಿನಲ್ಲೇ ಬುಕ್ ಮಾಡುತ್ತೇನೆ ಎಂದೆ.

"ಅಲ್ಲ ಕಣೆ, ಲಾಡ್ಜ್ ಬಿಟ್ಟು ಅಲ್ಲಿಗೆ ಹೋದ್ರೆ ರಾಯರಿಗೆ ಬೇಜಾರಾಗಲ್ವಾ?"

"ಅವರು ಊರಲ್ಲಿಲ್ಲಮ್ಮ," ಎಂದೆ.