ಕೋಬೆಯಲ್ಲಿ ಉಸಿರು ಬಿಡಲು ಕಲಿತದ್ದು

ಹಗಲು ಹನ್ನೊಂದು ಗಂಟೆಗೆ ಎಂಟು ಹೆಂಗಸರು ಸಾಲಾಗಿ ನೆಲದ ಮೇಲೆ ಮಲಗಿದ್ದರು. ಯಾರಿಗೂ ಜ್ವರ ಇರಲಿಲ್ಲ. ನಮ್ಮ ಮೊಳಕಾಲ್ಮೂರಿನಲ್ಲಿ ಆ ಹೊತ್ತಿಗೆ ಒಬ್ಬಳು ಮಲಗಿದರೆ ಓಣಿಯೆಲ್ಲ ಬಂದು ವಿಚಾರಿಸುತ್ತದೆ. ಜಪಾನಿನ ಕೋಬೆಯಲ್ಲಿ ಇದಕ್ಕೆ ಪಿರಾತಿಸು, ಅಂದರೆ ಪಿಲಾಟಿಸ್, ಅನ್ನುತ್ತಾರೆ. ಮೈ ಗಟ್ಟಿ ಮಾಡುವ ಹೊಸ ಕಸರತ್ತು. ಒಂಬತ್ತನೆಯವಳಾಗಿ ನಾನೂ ಮಲಗಿದೆ.

ನನ್ನನ್ನು ಅಲ್ಲಿಗೆ ಕರೆಸಿದ್ದು ಮಗಳು ಶಾರದಾ. ಅಳಿಯ ಹೋಟೆಲಿನಲ್ಲಿ ಅಡುಗೆಯವನು, ಇವಳೂ ಅಲ್ಲೇ ಕೆಲಸಕ್ಕೆ. ಮೊಮ್ಮಗಳನ್ನು ಶಿಶುವಿಹಾರದಿಂದ ಕರೆತರಲು ಯಾರೂ ಇರಲಿಲ್ಲ. ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಎರಡನೇ ಮಹಡಿಗೇ ನನ್ನ ಮೊಣಕಾಲು ಕೈಕೊಡುತ್ತಿತ್ತು. ಯುಗಾದಿಯೊಳಗೆ ಮೆಟ್ಟಿಲು ಹತ್ತುವಂತಾಗದಿದ್ದರೆ ನಾನು ಊರಿಗೆ, ಶಾರದಾ ಕೆಲಸ ಬಿಟ್ಟು ಮನೆಗೆ ಎಂದು ಮಾತಾಯಿತು. ಹಾಗಾಗಿ ಈ ಕ್ಲಾಸು. ಊರಿಗೆ ಹೋಗುವ ಮನಸ್ಸಿತ್ತೋ ಇಲ್ಲವೋ, ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

ಜಪಾನಿ ಮಾತು ಬಾರದಿದ್ದರೂ ಕ್ಲಾಸಿನ ಪದಗಳು ಬಂದವು. ಸುತ್ತೆ ಅಂದರೆ ಉಸಿರು ಎಳಕೋ. ಹಾಯಿತೆ ಅಂದರೆ ಬಿಡು. ತಾಯ್ಕನ್ ಅಂದರೆ ಹೊಟ್ಟೆ, ಬೆನ್ನು, ಸೊಂಟ ಸೇರಿದ ನಡುಮೈ. ಕಲಿಸುವ ಮೇಡಂ ನನಗೆ ಹೆಚ್ಚು ಹೇಳುತ್ತಿದ್ದದ್ದು ತೊಮೆನಾಯ್ದೆ, ನಿಲ್ಲಿಸಬೇಡ ಅಂತ. ಕಾಲೆತ್ತಿದಾಗೆಲ್ಲ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಮೂರನೇ ವಾರ ಕಣ್ಣು ಕತ್ತಲಿಟ್ಟಿತು. ಮೇಡಂ ಶಾರದಾಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟಳು.

"ಅವ್ವಾ, ಬಿಡು ಅಂದ್ರೆ ಬಿಡಬೇಕಪ್ಪ. ಯಾಕೆ ಹಿಡ್ಕಂತೀಯ?"

"ಹರಿದ ಎಳೆ ಜೋಡಿಸ್ವಾಗ ಉಸಿರು ಬಿಟ್ರೆ ರೇಷ್ಮೆ ಹಾರೋಗ್ತೈತೆ."

"ಇಲ್ಲಿ ಎಳೆ ಎಲ್ಲೈತೆ?"

"ಅದು ನಂಗೊತ್ತು. ಮೈಗೆ ಯಾರು ಹೇಳ್ತಾರೆ?"

ನಲವತ್ತು ವರ್ಷ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಎಳೆ ಹಾಯಿಸುವ ಅದೇ ಒಂದು ಲಾಳಿ ಹಿಡಿದು ಸೀರೆ ನೇಯ್ದವಳು ನಾನು. ಅಲ್ಲಿ ಉಸಿರು ಹಿಡಿದವಳೇ ಜಾಣೆ. ಇಲ್ಲಿ ಅದೇ ತಪ್ಪು. ಮುಂದಿನ ಸಲ ಮೇಡಂ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ನಾನು ಉಸಿರು ಬಿಡುವ ತನಕ ತೆಗೆಯಲಿಲ್ಲ. ಗಂಡ ಸತ್ತ ಮೇಲೆ ಯಾರೂ ಅಷ್ಟು ಹೊತ್ತು ನನ್ನನ್ನು ಮುಟ್ಟಿರಲಿಲ್ಲ. ಏನೂ ಅನ್ನಿಸಲಿಲ್ಲ. ಬಿಟ್ಟೆ, ಅಷ್ಟೆ.

ಯುಗಾದಿಗೆ ವಾರವಿರುವಾಗ ಮೊಮ್ಮಗಳ ಚೀಲ ಹಿಡಿದು ನಾಲ್ಕೂ ಮಹಡಿ ನಿಲ್ಲದೆ ಹತ್ತಿದೆ. ಶಾರದಾ ಬಾಗಿಲಲ್ಲೇ ಅತ್ತಳು. "ಇನ್ನು ಇಲ್ಲೇ ಇರವ್ವ" ಅಂದಳು. ಆಗ ತಿಳಿಯಿತು, ಕಾಲು ನೆಟ್ಟಗಾಗಿ ಊರಿಗೆ ಹೋಗಲು ಇದ್ದ ನೆಪವೂ ಹೋಯಿತು. ಅಕ್ಕಿ ತೊಳೆದು ಒಲೆಗಿಟ್ಟೆ.

ಆ ಭಾನುವಾರ ಊರಿನಿಂದ ಓರಗಿತ್ತಿ ಗಂಗಮ್ಮನ ಫೋನು.

"ಅಕ್ಕಾ, ನಿನ್ನ ಮಗ್ಗ ಸುಮ್ನೆ ಬಿದ್ದೈತೆ. ನನ್ನ ಸೊಸೇನ ಕೂರಿಸ್ಲಾ?"

"ಕೂರಿಸು" ಅಂದೆ. ಆ ಕಡೆ ಅವಳು ಫೋನು ಇಡುವ ಸದ್ದಾಗುವ ಮೊದಲೇ ಕೂಗಿದೆ:

"ಲೇ ಗಂಗೀ, ನನ್ನ ಲಾಳಿ ಮಾತ್ರ ಮುಟ್ಟಬ್ಯಾಡ ಅನ್ನು."