ಸೇತುವೆ ಮೇಲೆ ಹುಟ್ಟಿದ ಕೂಸು

ಹತ್ತಿರ ಬನ್ನಿ, ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ಪಕ್ಕದ್ಮನೆ ಪುಟ್ಟಮ್ಮನ ಸೊಸೆಯನ್ನು ತವರಿಗೆ ಕರಕೊಂಡು ಹೋಗುವಾಗ ಸೂಲಗಿತ್ತಿ ಅಂತ ನಾನೂ ಜೊತೆಗಿದ್ದೆ. ಹುಡುಗಿ ಶಿವನಸಮುದ್ರದ ಸೇತುವೆ ಮೇಲೆ ಗಾಡಿಯಲ್ಲೇ ಹೆತ್ತುಬಿಟ್ಟಳು. ಈಚೆ ದಡ ಮೈಸೂರು ಮಹಾರಾಜರದು, ಆಚೆ ದಡ ಬಿಳಿಯರದು. ಹೆರಿಗೆಯಾದ ಮೇಲೆ ಬೀಳುವ ಮಾಸು ಹೂತ ಮಣ್ಣೇ ಕೂಸಿನ ಊರಲ್ಲವಾ? ಗಾಡಿಯಲ್ಲಿದ್ದ ಪುಟ್ಟಮ್ಮ, ಮಗಳನ್ನು ಕರೆಯಲು ಬಂದಿದ್ದ ಆಚೆ ದಡದ ಬೀಗಿತ್ತಿ, ಇಬ್ಬರೂ ಅಲ್ಲೇ ಜುಟ್ಟು ಹಿಡಿದುಕೊಂಡರು.

"ಇದು ಮಾರಾಜ್ರ ಸೀಮೆ ಕೂಸು ಕಣಮ್ಮಿ," ಅಂತ ಪುಟ್ಟಮ್ಮ.

ಅವರ ಜಗಳ ಮುಗಿಯುವುದರೊಳಗೆ ನಾನು ಮಾಸು ತುಂಬಿದ ಮಡಕೆ ಎತ್ತಿಕೊಂಡು ಹೋಗಿ ಆಚೆ ದಡದಲ್ಲೇ ಹೂತು ಬಂದೆ. ನನ್ನ ತವರೂ ಆ ಕಡೆಯದೇ. ಪುಟ್ಟಮ್ಮನಿಗೆ ಮಾತ್ರ ಈಚೆ ದಡ ಅಂದೆ.

ಬಾಣಂತನ ಮುಗಿಸಿ ಅತ್ತೆಮನೆಗೆ ಬಂದ ಕೂಸು ಮಾಸು ಹೂತ ಮಣ್ಣಿಗೆ ಹಂಬಲಿಸಿದಂತೆ ಒಂದೇ ಸಮ ಅಳುತ್ತಿತ್ತು. ಪುಟ್ಟಮ್ಮ ನನ್ನ ಬಾಗಿಲಿಗೇ ಬಂದು ನಿಂತಳು.

"ಆಚೆ ದಡದಾಗೇ ಊತ್ಬಂದಿದ್ದೀಯ, ಗೊತ್ತು ಬುಡು. ಮದ್ವೆಯಾಗಿ ಬಂದು ಮುದುಕಿ ಆದ್ರೂವೆ ಜಗಲಿ ಮ್ಯಾಲೆ ನಿನ್ ತವ್ರ ಕಡೀಕೇ ಮೊಕ ಮಾಡ್ಕಂಡು ಮಲಗೋಳು ನೀನು."